ಕಂಬಳಿಯ ಕೆಳಗೆ ಕಂಡ ಕೈ

ಮೊನ್ನೆ ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ಬಿಸಿಲಿಗೆ ಹರವಿದೆ. ಉಣ್ಣೆಯ ವಾಸನೆಯ ಜೊತೆಗೆ ಕೊಬ್ಬರಿಯ ಕಮಟೂ ಮೂಗಿಗೆ ಬಡಿದು, ಜಗಲಿಯ ಮೇಲೆ ಕೂತುಬಿಟ್ಟೆ. ನೀವು ನಗಬಹುದು, ಈ ಕಂಬಳಿ ಒಂದು ಕಾಲಕ್ಕೆ ನಮ್ಮೂರಿನಲ್ಲಿ ಪೊಲೀಸಿನ ಕೆಲಸ ಮಾಡಿದೆ.

ಹುಳಿಯಾರಿನ ಕಡೆಯ ನನ್ನ ತವರಿನವರು ಕುರಿ ಸಾಕಿದವರು. ಮದುವೆಯಲ್ಲಿ ಕೊಟ್ಟ ಕಂಬಳಿಯಿದು. ನನ್ನನ್ನು ಕೊಟ್ಟದ್ದು ದಂಡಿನಶಿವರದ ಪಕ್ಕದ ಹಳ್ಳಿಗೆ. ಇಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಇಸ್ಪೀಟಿನ ಪಂದ್ಯ. ನಾಲ್ವರು ಕೂತು, ಎದುರುಬದುರಿನವರು ಜೋಡಿಯಾಗಿ ಆಡುವ ಇಪ್ಪತ್ತೆಂಟರ ಆಟ; ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ. ದುಡ್ಡು ಕಟ್ಟುವಂತಿಲ್ಲ, ಗೆದ್ದವರಿಗೆ ಒಂದು ಹಿತ್ತಾಳೆ ಕಪ್ಪು. ಅದಕ್ಕಾಗಿ ಎಂಥೆಂಥ ಮೋಸ ಅಂತೀರಿ! ಮೀಸೆ ತಿರುವಿದರೆ ಕೈಯಲ್ಲಿ ಗುಲಾಮ, ಕಿವಿ ಕೆರೆದರೆ ಆಟೀನು. ಕೆಮ್ಮಿಗೂ ಅರ್ಥವಿತ್ತು. ನಿಜವಾಗಿ ಕೆಮ್ಮು ಬಂದವನ ಪಾಡು ಹೇಳತೀರದು.

ನಮ್ಮ ಯಜಮಾನರೂ ಮೈದುನ ಶಿವಣ್ಣನೂ ಪ್ರತಿ ವರ್ಷದ ಜೋಡಿ. ಬೋರ್‌ವೆಲ್ ನೀರಿನ ಸರದಿಗೆ ಜಗಳವಾಗಿ, ತೊಂಬತ್ತರ ದಶಕದ ಕೊನೆಗೆ ಅಣ್ಣತಮ್ಮಂದಿರಲ್ಲಿ ಮಾತೇ ನಿಂತುಹೋಗಿತ್ತು. ಆದರೂ ಹೊಸತೊಡಕಿನ ದಿನ ಎದುರುಬದುರು ಕೂತು, ಮುಖ ಮುಖ ನೋಡಿಕೊಂಡು ಆಡುತ್ತಿದ್ದರು. ಆ ಒಂದು ನೋಟವೂ ತಪ್ಪಿದರೆ ಒಬ್ಬರ ಹೆಣಕ್ಕೆ ಇನ್ನೊಬ್ಬರು ಬರಲಾರರು ಎಂದು ನನಗೆ ಹೆದರಿಕೆ.

ಹಾಗಿರುವಾಗ ಒಂದು ವರ್ಷ ಪಂದ್ಯ ನಡೆಸುವ ಡ್ರಿಲ್ ಮೇಷ್ಟ್ರು ಮನೆಗೆ ಬಂದರು. "ತಾಯಿ, ನಿಮ್ ಕಂಬ್ಳಿ ಕೊಡಿ. ಈ ಸಲ ಜೋಡಿಗಳು ಒಬ್ರ ಮುಖ ಒಬ್ರು ನೋಡಂಗಿಲ್ಲ."

ಹೇಗೆ ಇಲ್ಲವೆನ್ನಲಿ? ಕೊಟ್ಟೆ, ಒಳಗೊಳಗೇ ಬೈದುಕೊಂಡು.

ಮೇಷ್ಟ್ರು ತಮ್ಮ ಕೊಬ್ಬರಿ ಅಟ್ಟದ ಕೆಳಗೆ ಹಗ್ಗ ಕಟ್ಟಿ, ಎದುರುಬದುರು ಕೂತವರ ನಡುವೆ ಕಂಬಳಿ ಇಳಿಬಿಟ್ಟರು. ಎಲೆ ಹಾಕಲು ಕೆಳಗೆ ಗೇಣು ಜಾಗ. ಆಟದ ಕೂಗು ಬಿಟ್ಟು ಬೇರೆ ಮಾತಾಡಿದರೆ ಜೋಡಿ ಹೊರಕ್ಕೆ. ನಾನು ಮಜ್ಜಿಗೆ ಹಂಚುತ್ತ ನಿಂತಿದ್ದೆ.

ಕೊನೆಯ ಆಟಕ್ಕೆ ನಮ್ಮವರೇ ಮುಂದಿದ್ದರು. ಯಜಮಾನರು ಎಲೆ ಹಾಕಲು ಕೈ ಚಾಚಿದರು. ಆಚೆ ಕೂತಿದ್ದ ಶಿವಣ್ಣನಿಗೆ ಕಂಡದ್ದು ಆ ಕೈ ಮಾತ್ರ.

"ಅಣ್ಣಾ, ಕೈ ಯಾಕಿಂಗೆ ನಡುಗ್ತಾ ಐತೆ?"

ಎದುರಾಳಿಗಳು ಎದ್ದು ನಿಂತರು. "ಸನ್ನೆ ಕಣ್ರೀ ಇದು, ಮೋಸ!"

ಮೇಷ್ಟ್ರು ಹಗ್ಗದ ಹತ್ತಿರ ಬಂದರು. "ಮಾತಾಡ್ಬಿಟ್ಯಲ್ಲಪ್ಪ ಶಿವಣ್ಣ. ಹೊರಗೆ."

"ಆಯ್ತು ಬುಡಿ ಮೇಷ್ಟ್ರೇ," ಎಂದು ಶಿವಣ್ಣ ಕಂಬಳಿಯನ್ನು ಸರಿಸಿದ. "ಯಾವಾಗ್ಲಿಂದ ಅಣ್ಣಾ?"

"ಸಂಕ್ರಾಂತಿಯಿಂದ ಕಣ್ಲಾ. ಯಾರ್ಗೂ ಹೇಳಿಲ್ಲ."

ನನಗೂ ಹೇಳಿರಲಿಲ್ಲ. ಕಪ್ಪು ಬೇರೆಯವರ ಪಾಲಾಯಿತು; ಶಿವಣ್ಣ ಅಣ್ಣನ ತೋಳು ಹಿಡಿದು ಮನೆಗೆ ಕರೆತಂದ. ಕಂಬಳಿ ಕೇಳಿದಾಗ ಬೈದುಕೊಂಡಿದ್ದ ಮೇಷ್ಟ್ರ ಮೇಲೆ ನನಗೆ ಆಮೇಲೆ ಸಿಟ್ಟು ಉಳಿಯಲಿಲ್ಲ.

ವಾಸಿಯಾಗುವ ಕಾಯಿಲೆಯಲ್ಲ ಅಂದರು ಡಾಕ್ಟರು. ಯಜಮಾನರಿಗೆ ಎಲೆ ಹಿಡಿಯಲಾಗದ ಮೇಲೆ ಶಿವಣ್ಣ ಸಂಜೆ ಸಂಜೆ ಬಂದು ಮಂಚದ ಪಕ್ಕ ಕೂರುತ್ತಿದ್ದ. ಇಬ್ಬರ ಎಲೆಗಳನ್ನೂ ತಾನೇ ಹಿಡಿದು, ಅಣ್ಣನದನ್ನು ಅಣ್ಣನಿಗೆ ತೋರಿಸಿ, ಅವರು ಹೇಳಿದ್ದನ್ನು ಹಾಕುತ್ತಿದ್ದ. ದಿನವೂ ಯಜಮಾನರೇ ಗೆಲ್ಲುತ್ತಿದ್ದರು. ಶಿವಣ್ಣ ತನ್ನ ಗುಲಾಮನನ್ನು ತೊಡೆಯ ಕೆಳಗೆ ಅಡಗಿಸುವುದನ್ನು ಅಡುಗೆಮನೆಯ ಬಾಗಿಲಿನಿಂದ ಎಷ್ಟೋ ಸಲ ಕಂಡಿದ್ದೇನೆ.

ಯಜಮಾನರು ಹೋಗಿ ಬಹಳ ಕಾಲವಾಯಿತು. ಮೊನ್ನೆ ನಾನು ಹಾಗೆ ಕೂತಿದ್ದಾಗ ತೋಟದಿಂದ ಬಂದ ಶಿವಣ್ಣ ನೀರು ಕೇಳಿ ಪಕ್ಕದಲ್ಲೇ ಕೂತ. ಅವನಿಗೂ ಈಗ ವಯಸ್ಸಾಗಿದೆ.

"ನಿಜ ಹೇಳಪ್ಪ, ನಿಮ್ಮಣ್ಣನ ಹತ್ರ ಬೇಕಂತ್ಲೇ ಸೋಲ್ತಿದ್ದೆ ಅಲ್ವಾ?"

"ಎಲ್ಲಾದ್ರೂ ಉಂಟಾ ಅತ್ಗೆ? ಅಣ್ಣ ಚೆನ್ನಾಗಾಡ್ತಿದ್ದ."

ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಇನ್ನು ನಿಲ್ಲಲಿಲ್ಲ. "ಅವ್ರಿಗೆ ಎಲ್ಲಾ ಗೊತ್ತಿತ್ತು ಕಣಪ್ಪ. 'ಸುಮ್ಕಿರು, ಮೋಸ ಹಿಡಿದ್ರೆ ನಾಚ್ಕೊಂಡು ನಾಳೆ ಬರಾಕಿಲ್ಲ ಅವ್ನು' ಅಂತಿದ್ರು."

ಶಿವಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ.