ವಿಯೋತೊ ಸ್ವಚ್ಛ ಮಾಡಿದ ಬೆಳಿಗ್ಗೆ

ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ವಿಯೋತೊ ಬಲಗೈಯಲ್ಲಿ ಕರಿದ ಸೋಯಾ ಟೆಂಪೆಯ ತುಂಡು ಹಿಡಿದು, ಎಡಗೈಯಿಂದ ಮೌಸ್ ಆಡಿಸುತ್ತ ತನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಸ್ವಚ್ಛ ಮಾಡುತ್ತಿದ್ದ. ತಿನ್ನುವ ಕೈ ಯಂತ್ರವನ್ನು ಮುಟ್ಟಬಾರದು ಎಂಬುದು ಅವನೇ ಮಾಡಿಕೊಂಡ ನಿಯಮ. ಎಡಗೈಗೆ ಅಭ್ಯಾಸವಿಲ್ಲದ್ದರಿಂದ ಬಾಣದ ಗುರುತು ಪರದೆಯ ಮೇಲೆ ಕುಡಿದವನಂತೆ ಅಲೆಯುತ್ತಿತ್ತು. ಅದನ್ನು ಹೇಗೋ ‘ಸ್ವಚ್ಛಗೊಳಿಸು’ ಎಂಬ ಹಸಿರು ಗುಂಡಿಯ ಮೇಲೆ ತಂದು ಒತ್ತಿದ. ಟೆಂಪೆ ಮುಗಿಯುವ ಹೊತ್ತಿಗೆ ಕೆಲಸವೂ ಮುಗಿದಿತ್ತು.

ಅವನು ಈ ಕೆಲಸವನ್ನು ದಿನವೂ ಮಾಡುತ್ತಿದ್ದ. ದಿನವೂ ಇನ್ನೂರೋ ಮುನ್ನೂರೋ ಎಂಬಿಯಷ್ಟು ಕಸ ಹೋಗುತ್ತಿತ್ತು. ಇವತ್ತು ಪರದೆ ತೋರಿಸಿದ ಸಂಖ್ಯೆಯನ್ನು ಅವನು ಎರಡು ಸಲ ಓದಿದ. ಆಮೇಲೆ ಎದ್ದು ಬಾಗಿಲಿಗೆ ಬಂದು, ಓಣಿಯ ಆಚೆ ಬದಿಯಲ್ಲಿ ಸ್ಕೂಟರಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಪಂಕ್ಚರ್ ಅಂಗಡಿಯ ಗಿಮಾನನಿಗೆ ಕೇಳುವ ಹಾಗೆ ಹೇಳಿದ:

“ನಲವತ್ತೊಂದು ಜಿಬಿ, ಗಿಮಾನ್. ಒಂದೇ ಸಲಕ್ಕೆ.”

“ಕೆಜಿಗೆಷ್ಟಂತೆ?” ಎಂದ ಗಿಮಾನ್, ತಲೆ ಎತ್ತದೆ.

ಗಿಮಾನನಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಎಂದು ವಿಯೋತೊ ಮರುಕಪಟ್ಟ. ಅವನ ಫೋನನ್ನು ನೋಡಿದರೆ ಸಾಕು. ಒಡೆದ ಗಾಜು, ಒಳಗೆ ಸಾವಿರಾರು ಚಿತ್ರ. ‘ಜಾಗ ತುಂಬಿದೆ’ ಎಂದು ಅದು ದಿನಕ್ಕೆ ಹತ್ತು ಸಲ ಗೋಳಾಡಿದರೂ ಗಿಮಾನ್ ನೊಣ ಓಡಿಸಿದಂತೆ ಆ ಮಾತನ್ನು ಹೆಬ್ಬೆರಳಿನಿಂದ ಸರಿಸಿಬಿಡುತ್ತಿದ್ದ. ಕೊಡು, ಅರ್ಧ ಗಂಟೆಯಲ್ಲಿ ಚೊಕ್ಕ ಮಾಡಿಕೊಡುತ್ತೇನೆ ಎಂದು ವಿಯೋತೊ ಎಷ್ಟು ಸಲ ಕೈ ಚಾಚಿದ್ದನೋ. ಗಿಮಾನ್ ಕೊಟ್ಟಿರಲಿಲ್ಲ.

ಬ್ಲಿತಾರ್ ಪಟ್ಟಣದ ಆ ಓಣಿಯಲ್ಲಿ ವಿಯೋತೊನ ಅಂಗಡಿಗಿಂತ ಶುಭ್ರವಾದ ಜಾಗ ಮಸೀದಿ ಒಂದೇ. ಹುಡುಗನಾಗಿದ್ದಾಗ ರೇಡಿಯೋ ಬಿಚ್ಚಿ ಒಳಗಿನ ಧೂಳು ಊದುವುದರಲ್ಲೇ ಅವನಿಗೆ ಸುಖವಿತ್ತು. ಮತ್ತೆ ಜೋಡಿಸುವಾಗ ಒಂದೆರಡು ತಿರುಪು ಮಿಕ್ಕರೆ ಅವನ್ನೂ ಒರೆಸಿ ಡಬ್ಬಿಯಲ್ಲಿಡುತ್ತಿದ್ದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಜೆರಾಕ್ಸ್ ಯಂತ್ರ ಕೊಂಡ. ಮದುವೆಯಾದ ಹೊಸದರಲ್ಲಿ ಹೆಂಡತಿ ಲಾಸ್ತ್ರಿ, ನನ್ನ ಮುಖಕ್ಕಿಂತ ಆ ಯಂತ್ರದ ಗಾಜನ್ನೇ ಹೆಚ್ಚು ಹೊತ್ತು ನೋಡುತ್ತೀರಿ ಎಂದಿದ್ದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಆದರೆ ಓಣಿಯವರು ಅವನ ಹತ್ತಿರ ಬರುತ್ತಿದ್ದುದು ಶುಭ್ರತೆಗಾಗಿ ಅಲ್ಲ. ಅವರು ವಾಟ್ಸಾಪಿನಲ್ಲಿ ಏನು ಕಳಿಸಿದರೂ ಅದು ಅವನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬೀಳುತ್ತಿತ್ತು, ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು. ಗುರುತಿನ ಚೀಟಿ, ಮಕ್ಕಳ ಅಂಕಪಟ್ಟಿ, ಮದುವೆಯ ಕರೆಯೋಲೆ. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತವರಿಗಾಗಿ ಓದುವ ಯಾಸೀನ್ ಪ್ರಾರ್ಥನೆಯ ಪುಸ್ತಿಕೆಗಳು. ಯಾರಾದರೂ ತೀರಿಕೊಂಡರೆ ನಲವತ್ತನೆಯ ದಿನದ ಪ್ರಾರ್ಥನೆಗೆ ಅವರ ಚಿತ್ರ ಹಾಕಿ ಪುಸ್ತಿಕೆ ಮಾಡಿಸಿ ಬಂದವರಿಗೆಲ್ಲ ಹಂಚಬೇಕು. ಸಾವಿರದ ದಿನಕ್ಕೆ ಮತ್ತೆ ಮಾಡಿಸಬೇಕು. ಎರಡರ ನಡುವೆ ಎರಡೂವರೆ ವರ್ಷಕ್ಕೂ ಮಿಕ್ಕಿ. ಅಷ್ಟರಲ್ಲಿ ಮನೆಯವರ ಫೋನು ಕಳೆದಿರುತ್ತದೆ, ಇಲ್ಲವೇ ಬಾವಿಗೆ ಬಿದ್ದಿರುತ್ತದೆ. ಆದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಅಂಗಡಿಗೆ ಬಂದು, ಹೋದ ಸಲದ್ದೇ ಚಿತ್ರ ಹಾಕಪ್ಪ ಎಂದರೆ ಮುಗಿಯಿತು.

ಮಧ್ಯಾಹ್ನ ಬು ಕಸಿನಾ ಬಂದು ಹಾಗೆಯೇ ಹೇಳಿದಳು.

ಆಕೆ ಮೂರು ಮನೆ ಆಚೆಯ ಮುದುಕಿ, ಓಣಿಯವರಿಗೆಲ್ಲ ‘ಬು’, ಅಂದರೆ ಅಮ್ಮ. ಗಂಡ ರಾಮಿಜಾನನ ಸಾವಿರದ ದಿನ ಶುಕ್ರವಾರ ಸಂಜೆ. ನೂರು ಪುಸ್ತಿಕೆ ಬೇಕು, ಜೊತೆಗೆ ಗೋಡೆಗೆ ತೂಗುಹಾಕಲು ಒಂದು ದೊಡ್ಡ ಚಿತ್ರ. ಕಣ್ಣು ಮಂಜಾಗಿದೆ, ಪುಸ್ತಿಕೆಯ ಮೇಲಿನ ಚಿಕ್ಕ ಮುಖ ಈಗ ನೆರಳಿನ ಹಾಗೆ ಕಾಣುತ್ತದೆ, ದೊಡ್ಡದಾದರೆ ಬೆಳಿಗ್ಗೆ ಎದ್ದ ಕೂಡಲೇ ಮುಖ ಗುರುತು ಸಿಗುತ್ತದೆ ಎಂದಳು. ರಾಮಿಜಾನ್ ಕ್ಯಾಮೆರಾ ಕಂಡರೆ ಓಡುವ ಆಸಾಮಿ. ಮನೆಯಲ್ಲಿದ್ದದ್ದು ಗುರುತಿನ ಚೀಟಿಯ ಚಿತ್ರವೊಂದೇ. ಅದರಲ್ಲಿ ಅವನು ಕೋಳಿ ಕದ್ದು ಸಿಕ್ಕಿಬಿದ್ದವನಂತಿದ್ದ.

ವಿಯೋತೊ ಆಕೆಗೆ ಕುರ್ಚಿ ಕೊಟ್ಟು ಫೋಲ್ಡರ್ ತೆರೆದ. ನಿನ್ನೆಯ ಕಡತಗಳಿದ್ದವು, ಹೋದ ವಾರದವೂ ಇದ್ದವು. ಕೆಳಕ್ಕೆ ಸರಿಸಿದ. ಕೆಳಗೆ ಏನೂ ಇರಲಿಲ್ಲ. ಒಂದು ತಿಂಗಳ ಹಿಂದಿನದೆಲ್ಲ ಮಾಯವಾಗಿತ್ತು.

ಯಂತ್ರ ಸ್ವಲ್ಪ ಬಿಸಿಯಾಗಿದೆ ಬು, ನಾಳೆ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದ. ಪಾಪ, ಅದಕ್ಕೂ ವಯಸ್ಸಾಯಿತು ಎಂದು ಆಕೆ ಕಂಪ್ಯೂಟರಿನ ನೆತ್ತಿ ಸವರಿ ಹೋದಳು.

ಆಮೇಲೆ ಅವನು ಸ್ವಚ್ಛ ಮಾಡುವ ಆ ತಂತ್ರಾಂಶದ ಒಳಹೊಕ್ಕು ನೋಡಿದ. ಏನೇನು ಅಳಿಸಬೇಕು ಎಂಬ ಪಟ್ಟಿಯಲ್ಲಿ ವರ್ಷಗಳ ಹಿಂದೆ ತಾನೇ ಒಂದೊಂದಾಗಿ ಟಿಕ್ ಹಾಕಿದ್ದ. ಈಗ ಅಲ್ಲಿ ಒಂದು ಹೊಸ ಸಾಲು ಇತ್ತು: ಡೌನ್‌ಲೋಡ್ಸ್ ಫೋಲ್ಡರ್, ಮೂವತ್ತು ದಿನಕ್ಕಿಂತ ಹಳೆಯವು. ಅದರ ಮುಂದೆ ಟಿಕ್. ಭಾನುವಾರ ಸಂಜೆ ಹೊಸ ಆವೃತ್ತಿ ಬಂದಿದೆ ಎಂದು ಪರದೆ ಕೇಳಿದ್ದು, ತಾನು ‘ಸರಿ’ ಒತ್ತಿದ್ದು ನೆನಪಾಯಿತು. ಹೊಸ ಆವೃತ್ತಿ ಅವನ ಟಿಕ್‌ಗಳನ್ನು ಬದಿಗಿಟ್ಟು ತನ್ನವನ್ನೇ ಹಾಕಿಕೊಂಡಿತ್ತು. ಏನು ಬದಲಾಗಿದೆ ಎಂಬ ಟಿಪ್ಪಣಿ ಹುಡುಕಿ ಓದಿದ. ‘ಸ್ವಚ್ಛತೆಯ ವಿಭಾಗಗಳನ್ನು ಸುಧಾರಿಸಲಾಗಿದೆ’ ಎಂದಿತ್ತು, ಅಷ್ಟೇ.

ಹೋದ ರಂಜಾನಿನಲ್ಲಿ ಓಣಿಯ ಸಭೆಯಲ್ಲಿ ಎದ್ದುನಿಂತು, ಓದದೆ ‘ಸರಿ’ ಒತ್ತುವವರು ಬೆತ್ತದ ಏಟಿಗೆ ಅರ್ಹರು ಎಂದು ಭಾಷಣ ಮಾಡಿದವನು ಇವನೇ. ಕೇಳಿದವರು ಚಪ್ಪಾಳೆಯನ್ನೂ ತಟ್ಟಿದ್ದರು.

ಅಳಿಸಿದ್ದನ್ನು ವಾಪಸು ತರುವ ತಂತ್ರಾಂಶಗಳಿವೆ. ಹಳೆಯ ಕಾಲದ ತಿರುಗುವ ಡಿಸ್ಕ್ ಆಗಿದ್ದರೆ ಅವು ಕೆಲಸ ಮಾಡುತ್ತಿದ್ದವು. ಅದರಲ್ಲಿ ಅಳಿಸಿದ ಮೇಲೂ ಬರೆದದ್ದು ಎಷ್ಟೋ ದಿನ ಉಳಿದಿರುತ್ತದೆ. ಆದರೆ ವೇಗಕ್ಕಾಗಿ ಹೋದ ವರ್ಷ ಅವನು ಹೊಸ ಬಗೆಯ ಡಿಸ್ಕ್ ಹಾಕಿಸಿದ್ದ, ಅಳಿಸಿದ ಜಾಗವನ್ನು ಆಗಿಂದಾಗಲೇ ತೊಳೆದಿಡುವಂಥದ್ದು. ವಾಪಸು ಬಂದ ಕಡತಗಳಿಗೆ ಹೆಸರಿತ್ತು, ತೂಕವೂ ಸರಿಯಾಗಿತ್ತು, ಒಳಗೆ ಬರೀ ಸೊನ್ನೆ. ಇನ್ನು ನಕಲು ಪ್ರತಿಗೆಂದೇ ಕೊಂಡಿದ್ದ ಹೊರಗಿನ ಡಿಸ್ಕನ್ನು ತೆಗೆದು ನೋಡಿದರೆ, ಅದರ ತುಂಬ ರಾತ್ರಿಯಿಡೀ ನಡೆಯುವ ತೊಗಲುಗೊಂಬೆಯಾಟದ ಧ್ವನಿಮುದ್ರಣಗಳು. ಅರ್ಜುನ, ಭೀಮ, ವಿದೂಷಕ ಸೆಮಾರ್ ಎಲ್ಲರೂ ಕ್ಷೇಮವಾಗಿದ್ದರು. ರಾಮಿಜಾನ್ ಮಾತ್ರ ಇರಲಿಲ್ಲ.

ಕೊನೆಗೆ ಲಾಸ್ತ್ರಿ ಒಳಗಿನ ಕಪಾಟಿನಿಂದ ನಲವತ್ತನೆಯ ದಿನದ ಪುಸ್ತಿಕೆ ತಂದುಕೊಟ್ಟಳು. ಅದು ಓಣಿಯ ಎಲ್ಲ ಮನೆಗಳಲ್ಲೂ ಇತ್ತು. ಅದರ ಮುಖಪುಟವನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದ. ಮುಖದ ತುಂಬ ಚುಕ್ಕೆಗಳೆದ್ದು, ರಾಮಿಜಾನ್ ಸೊಳ್ಳೆಪರದೆಯ ಹಿಂದೆ ಕೂತು ನೋಡುತ್ತಿರುವಂತೆ ಕಂಡ. ಪುಸ್ತಿಕೆಗಾದರೆ ಹೇಗೋ ನಡೆಯುತ್ತಿತ್ತು. ಗೋಡೆಗೆ, ಅದೂ ಮಂಜುಗಣ್ಣಿಗೆ, ನಡೆಯುವಂತಿರಲಿಲ್ಲ.

“ಆ ಚಿತ್ರ ಮೊದಲು ಕಳಿಸಿದ್ದು ಯಾರು?” ಎಂದು ಕೇಳಿದಳು ಲಾಸ್ತ್ರಿ.

ವಿಯೋತೊ ಸ್ಕ್ಯಾನರಿನ ಗಾಜು ಒರೆಸತೊಡಗಿದ.

“ಗಿಮಾನ್ ಅಲ್ವಾ? ಹೋಗಿ ಕೇಳಿ.”

“ಇಡೀ ಓಣಿಗೆ ಡಂಗುರ ಹೊಡೀತಾನೆ ಅವನು.”

“ಬೆಳಿಗ್ಗೆ ಡಂಗುರ ಹೊಡೆದಿದ್ದು ನೀವೇ ಕಣ್ರೀ. ಅವನೇನು ಹೊಸದಾಗಿ ಹೊಡೀಬೇಕಾಗಿಲ್ಲ.”

ಆದರೂ ಅವನು ಆ ದಿನ ಹೋಗಲಿಲ್ಲ. ಹತ್ತಡಿ ಅಗಲದ ಓಣಿಯೊಂದನ್ನು ದಾಟಲು ಒಬ್ಬ ಗಂಡಸಿಗೆ ಒಂದಿಡೀ ಮಧ್ಯಾಹ್ನ ಸಾಲದೇ ಹೋಯಿತು ಎಂಬುದನ್ನು ಮುಂದೆ ಅವನೇ ಎಲ್ಲರಿಗೂ ಬಣ್ಣಿಸಿ ಹೇಳುತ್ತಿದ್ದ. ಮಂಗಳವಾರ ಬೆಳಿಗ್ಗೆ ದಾಟಿದ. ದಾಟಿಯೂ ಮಳೆ, ಟೈರಿನ ಬೆಲೆ ಇತ್ಯಾದಿ ಮಾತಾಡಿದ. ಬೇಡವಾಗಿದ್ದ ಒಂದು ವಾಲ್ವ್ ಮುಚ್ಚಳ ಕೊಂಡ. ಗಿಮಾನ್ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದ.

“ಏನು ಕಳ್ಕೊಂಡೆ ಹೇಳು ಮಾರಾಯ,” ಎಂದ.

ವಿಯೋತೊ ಹೇಳಿದ. ಗಿಮಾನ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎಂದು ವಿಯೋತೊನಿಗೆ ಅನ್ನಿಸಿತು. ಗಿಮಾನ್ ಆ ಒಡೆದ ಫೋನು ತೆಗೆದು, ‘ಜಾಗ ತುಂಬಿದೆ’ ಎಂಬ ಮಾತನ್ನು ಸರಿಸಿ, ಹೆಬ್ಬೆರಳಿನಿಂದ ಕಾಲವನ್ನು ಹಿಂದಕ್ಕೆ ತಳ್ಳತೊಡಗಿದ. ಟೈರುಗಳು ಹೋದವು, ಮೊಮ್ಮಗನ ಹುಟ್ಟುಹಬ್ಬ ಹೋಯಿತು, ಮೀನು, ಮೀನು, ಮತ್ತೊಂದು ಮೀನು ಹೋದವು. ವಿಯೋತೊ ಒಂದೊಂದನ್ನೂ ಕಸ ಎಂದು ಕರೆದಿದ್ದ. ಆ ಕಸದ ನಡುವೆ, ಬ್ರಾಂತಾಸ್ ನದಿಯ ದಂಡೆಯಲ್ಲಿ, ಕೊರಳು ಹರಿದ ಅಂಗಿ ತೊಟ್ಟು, ಮೊಣಕೈಯುದ್ದದ ಮುರುಗೋಡು ಮೀನನ್ನು ಕೂಸಿನಂತೆ ಎತ್ತಿಕೊಂಡು ಬಾಯಿ ತುಂಬ ನಗುತ್ತ ಕುಕ್ಕರಗಾಲಲ್ಲಿ ಕೂತಿದ್ದ ರಾಮಿಜಾನ್.

“ನನ್ನ ಫೋನ್ ಚೊಕ್ಕ ಮಾಡ್ತೀಯೇನು ಈಗ?” ಎಂದ ಗಿಮಾನ್.

ಬು ಕಸಿನಾ ಬಂದಾಗ ವಿಯೋತೊ ಚಿತ್ರವನ್ನು ಮೊದಲು ತೋರಿಸಿ ಉಳಿದದ್ದನ್ನು ನುಂಗಿಬಿಡಬಹುದಿತ್ತು. ಆಕೆಗೆ ತಿಳಿಯುವ ದಾರಿಯಿರಲಿಲ್ಲ. ಆದರೆ ನಿನ್ನೆ ಆಕೆ ಕಂಪ್ಯೂಟರಿನ ನೆತ್ತಿ ಸವರಿ ಹೋದದ್ದು ಅವನಿಗೆ ರಾತ್ರಿಯಿಡೀ ಚುಚ್ಚಿತ್ತು.

“ಬು, ನಿನ್ನೆ ಸುಳ್ಳು ಹೇಳ್ದೆ. ಯಂತ್ರಕ್ಕೇನೂ ಆಗಿರ್ಲಿಲ್ಲ. ಚಿತ್ರ ಅಳಿಸಿಹೋಗಿತ್ತು.”

“ತಾನಾಗೇ ಅಳಿಸ್ತೋ, ನೀನು ಅಳಿಸಿದ್ಯೋ?”

ಅಪ್‌ಡೇಟ್, ಹೊಸ ಆವೃತ್ತಿ, ಸುಧಾರಿಸಿದ ವಿಭಾಗಗಳು ಎಲ್ಲವೂ ಅವನ ನಾಲಿಗೆಯ ತುದಿಗೆ ಬಂದವು. ಒಂದೊಂದೂ ನಿಜವೇ ಆಗಿತ್ತು.

“ಟಿಕ್ ತಾನಾಗೇ ಬಿತ್ತು. ಒತ್ತಿದ್ದು ನಾನು,” ಎಂದ.

ಅವನು ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದ. ಆಕೆ ಮೂಗು ಗಾಜಿಗೆ ತಗಲುವಷ್ಟು ಬಗ್ಗಿದಳು. ಒರೆಸಿಟ್ಟ ಗಾಜಿನ ಮೇಲೆ ಆಕೆಯ ಉಸಿರಿನ ಮಂಜು ಕೂತಿತು. ಜೀವನದಲ್ಲಿ ಮೊದಲ ಸಲ ವಿಯೋತೊನ ಕೈ ಬಟ್ಟೆಗೆ ಹೋಗಲಿಲ್ಲ.

“ಹೋದ ಸಲ ಕೋಟು ಇತ್ತಲ್ಲ ಇವರಿಗೆ. ಕರೀ ಟೋಪಿ. ಅದು ಎಲ್ಲಿಂದ ಬಂತು?”

ಅದೂ ತನ್ನದೇ ಕೆಲಸ ಎಂದು ವಿಯೋತೊ ಒಪ್ಪಿಕೊಂಡ. ಹರಿದ ಅಂಗಿ ಚೆನ್ನಾಗಿರುವುದಿಲ್ಲವೆಂದು ತಲೆಯನ್ನಷ್ಟೇ ಕತ್ತರಿಸಿ, ಯಾರದೋ ಕೋಟಿನ ಮೇಲೆ ಕೂರಿಸಿದ್ದ. ನಗುತ್ತಿದ್ದ ಬಾಯನ್ನೂ ಒಂದಿಷ್ಟು ಮುಚ್ಚಿಸಿದ್ದ. ಅದನ್ನೂ ಅವನು ಸ್ವಚ್ಛ ಮಾಡುವುದು ಎಂದೇ ಕರೆದಿದ್ದ.

“ಅದಕ್ಕೇ,” ಎಂದಳು ಬು ಕಸಿನಾ. “ಇಷ್ಟು ದಿನ ಯಾರೋ ಬ್ಯಾಂಕ್ ಮ್ಯಾನೇಜರ್‌ಗೆ ಪ್ರಾರ್ಥನೆ ಮಾಡ್ತಿದೀನಿ ಅನ್ನಿಸ್ತಿತ್ತು ನಂಗೆ. ಸಾಲ ಕೇಳೋಕೆ ಬಂದೋಳ ಥರ ಕೂತಿರ್ತಿದ್ದೆ ಎದುರುಗಡೆ.” ಆಮೇಲೆ ಬೆರಳಿನಿಂದ ಪರದೆ ಮುಟ್ಟಿ, “ಈ ಅಂಗಿ ನಾನು ಎರಡು ಸಲ ಹೊಲಿದಿದೀನಿ. ಮತ್ತೆ ಹರ್ಕೊಂಡಿದಾರೆ ನೋಡು,” ಎಂದಳು.

ಪ್ರಾರ್ಥನೆಯ ಪುಸ್ತಿಕೆಯ ಮೇಲೆ ಮೀನು ಬೇಡವೆಂದು ತೀರ್ಮಾನವಾಯಿತು. ಅಲ್ಲಿ ಮುಖ, ಹರಿದ ಕೊರಳು, ನಗು. ಗೋಡೆಯ ಚಿತ್ರದಲ್ಲಿ ಮೀನೂ ಇರಲಿ, ಅವರಿಬ್ಬರನ್ನು ಬೇರೆ ಮಾಡಬೇಡ ಎಂದಳು. ವಿಯೋತೊ ಒಂದು ಚುಕ್ಕೆಯನ್ನೂ ತಿದ್ದದೆ ಮುದ್ರಿಸಿದ. ಗಿಮಾನನ ಫೋನಿನ ಗಾಜಿನ ಮೇಲಿನ ಎಣ್ಣೆ ಮಸಿಯೊಂದು ಚಿತ್ರದ ಮೂಲೆಯಲ್ಲೂ ಇದೆಯೇನೋ ಎಂದು ಅನುಮಾನ ಬಂದು ಒರೆಸಲು ಹೋದ. ಅದು ನದಿಯ ಕೆಸರು.

ಆ ತಿಂಗಳು ಇನ್ನೂ ಹಲವರು ತಮ್ಮ ಕಡತ ಕೇಳಿಕೊಂಡು ಬಂದರು. ಎಲ್ಲರಿಗೂ ಅವನು ಅದೇ ಎರಡು ವಾಕ್ಯ ಹೇಳಿದ. ಕೆಲವರು ಬೈದರು, ಕೆಲವರಿಗೆ ಅವರ ಚಿತ್ರ ಎಲ್ಲಿಯೂ ಸಿಗಲಿಲ್ಲ. ಹೊರಗಿನ ಡಿಸ್ಕಿನಿಂದ ತೊಗಲುಗೊಂಬೆಗಳನ್ನು ಇಳಿಸಿ ಓಣಿಯವರ ಕಡತಗಳಿಗೆ ಜಾಗ ಮಾಡಿದ. ಸೆಮಾರನನ್ನು ಅಳಿಸುವ ಮೊದಲು ಕೊನೆಯ ಸಲ ಪೂರ್ತಿ ಕೇಳಿದೆ ಎನ್ನುತ್ತಾನೆ. ಈಗಲೂ ಅಪ್‌ಡೇಟ್ ಬಂದರೆ ಕನ್ನಡಕ ಹಾಕಿಕೊಂಡು ಸಾಲುಸಾಲೂ ಓದುತ್ತಾನೆ, ಆಮೇಲೆ ಟಿಕ್‌ಗಳ ಪಟ್ಟಿಯನ್ನು ತೆರೆದು ಒಂದೊಂದನ್ನೂ ಮುಟ್ಟಿ ನೋಡುತ್ತಾನೆ. ಅಷ್ಟರಲ್ಲಿ ಗಿರಾಕಿಗಳು ಬೇರೆ ಅಂಗಡಿಗೆ ಹೋಗಿಬಂದಿರುತ್ತಾರೆ.

ಇದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಸಂಜೆ ಬು ಕಸಿನಾಳ ಮನೆಯಲ್ಲಿ ಪ್ರಾರ್ಥನೆ ಮುಗಿದು ಊಟವಾಯಿತು. ಗೋಡೆಯ ಮೇಲೆ ರಾಮಿಜಾನ್ ಮೀನು ಹಿಡಿದು ನಗುತ್ತಿದ್ದ. ಕೆಳಗೆ ಚಾಪೆಯ ಮೇಲೆ ಕೂತವರೂ ಆ ನಗು ನೋಡಿ, ಅವನ ಮೀನಿನ ಸುಳ್ಳುಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದರು. ಬು ಕಸಿನಾ ಮತ್ತೊಂದು ತಟ್ಟೆ ಅನ್ನ ಮತ್ತು ಕೋಳಿ ತಂದು ವಿಯೋತೊನ ಮುಂದೆ ಇಟ್ಟಳು. ಹೊಟ್ಟೆಯಲ್ಲಿ ಜಾಗವಿಲ್ಲ ಬು ಎಂದು ಅವನು ಕೈಮುಗಿದ.

ಗಿಮಾನ್ ಇದಕ್ಕಾಗಿಯೇ ಸೋಮವಾರದಿಂದ ಕಾದಿದ್ದವನಂತೆ ಗಂಟಲು ಸರಿಮಾಡಿಕೊಂಡ.

“ಜಾಗ ಇಲ್ಲಾಂದ್ರೆ ಮಾಡ್ಕೋಬೇಕಪ್ಪಾ. ನಿಂಗೆ ಗೊತ್ತಲ್ಲ ಆ ವಿದ್ಯೆ. ಒಂದ್ಸಲ ಒತ್ತಿದ್ರೆ ಎಷ್ಟು ಖಾಲಿಯಾಗತ್ತೆ?”

ವಿಯೋತೊ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಬಾಗಿಲಾಚೆ ಅಡುಗೆಮನೆಯಲ್ಲಿದ್ದ ಹೆಂಗಸರಿಗೂ ಕೇಳುವ ಹಾಗೆ ತಾನೇ ಹೇಳಿದ:

“ನಲವತ್ತೊಂದು ಜಿಬಿ.”