ಗೋಪಿಕಾಬಾಯಿಯವರ ತಾಲೀಮು

೧೯೭೬ರಲ್ಲಿ ಹಿರೇಕೆರೂರಿನ ಹತ್ತಿ ಪೇಟೆಯಲ್ಲಿ ಹಳೆಯ ಗೋದಾಮುಗಳನ್ನು ಕೆಡವಿ ಅಂಗಡಿ ಕಟ್ಟುತ್ತಿದ್ದರು. ಕೆಡವದೆ ಉಳಿದಿದ್ದ ಒಂದನ್ನು ನಿವೃತ್ತ ಶಿಕ್ಷಕಿ ಗೋಪಿಕಾಬಾಯಿ ಬಾಡಿಗೆಗೆ ಹಿಡಿದು, ಓಣಿಯವರಿಗೆ ನಾಟಕ ಕಲಿಸಲು ಹೊರಟರು. ಬಾಗಿಲ ಮೇಲೆ ‘ಇಲ್ಲಿ ದಿನಾ ತಾಲೀಮು ನಡೆಯುತ್ತದೆ’ ಎಂದು ಬರೆಸಿದರು.

ನಾಟಕದ ಅಭ್ಯಾಸಕ್ಕೂ ಕುಸ್ತಿಯ ಅಭ್ಯಾಸಕ್ಕೂ ಆ ಊರಲ್ಲಿ ‘ತಾಲೀಮು’ ಅನ್ನುವುದೊಂದೇ ಮಾತು. ಮರುದಿನ ಲಂಗೋಟಿ ಕಟ್ಟಿದ ಎಂಟು ಪೈಲ್ವಾನರು ಬಂದರು. ಬೇರೆ ಯಾರೂ ಬರಲಿಲ್ಲ. ಬಂದವರನ್ನು ತಿರುಗಿ ಕಳಿಸುವ ಜಾಯಮಾನ ಗೋಪಿಕಾಬಾಯಿಯವರದಲ್ಲ. ಕೂರಿಸಿ, ಗದಾಯುದ್ಧದ ಮಾತು ಕಂಠಪಾಠ ಮಾಡಿಸಿದರು.

ಪ್ರದರ್ಶನದ ದಿನ ಭೀಮ ತೊಡೆಗೆ ಎಷ್ಟು ಹೊಡೆದರೂ ದುರ್ಯೋಧನನಾದ ಫಕ್ಕೀರಪ್ಪ ಬೀಳಲಿಲ್ಲ.

“ಬೀಳಪಾ,” ಎಂದರು ಗೋಪಿಕಾಬಾಯಿ ಪರದೆಯ ಮರೆಯಿಂದ.

“ಬೆನ್ನಿಗೆ ಮಣ್ಣ ಹತ್ತಿಲ್ಲರಿ ಬಾಯಾರ, ಹೆಂಗ ಸೋಲಲಿ?”

ಜನ ದುರ್ಯೋಧನನಿಗೆ ಹಾರ ಹಾಕಿದರು. ಮರುದಿನ ಬಾಗಿಲ ಮೇಲೆ ಇನ್ನೊಂದು ಸಾಲು ಸೇರಿತು: ‘ಸೋಲುವುದನ್ನೂ ಕಲಿಸಲಾಗುತ್ತದೆ.’