ಒಂದು ಬೆರಳಿನಷ್ಟು ಮುಂದೆ

ಟಿಂಕರ್ ಮೇಸ್ತ್ರಿ ತನ್ನ ಶೆಡ್ಡಿನಲ್ಲಿ ಯಾವಾಗಲೂ ರಸ್ತೆಗೆ ಬೆನ್ನು ಮಾಡಿಯೇ ಕೂರುತ್ತಿದ್ದ. ಎದುರಿನ ಅಂಗಡಿಯ ಮುಖ ನೋಡಬಾರದು ಎಂಬುದು ಅವನ ಹಟ. ಆದರೆ ಮುಂದಿನ ಗೋಡೆಗೆ ಯಾವುದೋ ಹಳೆಯ ಲಾರಿಯ ಕನ್ನಡಿಯೊಂದನ್ನು ತಂತಿಯಿಂದ ಬಿಗಿದಿದ್ದ. ಅದರಲ್ಲಿ ಎದುರಿನ ಅಂಗಡಿ ಇಡಿಯಾಗಿ ಕಾಣುತ್ತಿತ್ತು.

ಆ ಅಂಗಡಿ ಅವನ ಹೆಂಡತಿಯ ತಮ್ಮನದು. ಎಲ್ಲರೂ ಅವನನ್ನು ಪೇಂಟರ್ ಎಂದೇ ಕರೆಯುತ್ತಿದ್ದರು. ಹದಿನೈದು ವರ್ಷ ಇಬ್ಬರೂ ಇದೇ ಶೆಡ್ಡಿನಲ್ಲಿ ಜೊತೆಗಿದ್ದರು. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಮೇಸ್ತ್ರಿ ಬಡಿದು ನೆಟ್ಟಗೆ ಮಾಡುತ್ತಿದ್ದ, ಪೇಂಟರ್ ಬಣ್ಣ ಹೊಡೆಯುತ್ತಿದ್ದ. ಮೂರು ವರ್ಷದ ಹಿಂದೆ ಪೇಂಟರ್ ರಸ್ತೆ ದಾಟಿ ಸ್ವಂತ ಅಂಗಡಿ ಇಟ್ಟ. ಗಾಜಿನ ಬಾಗಿಲು, ಬಂದವರಿಗೆ ಮೆತ್ತನೆಯ ಕುರ್ಚಿ, ಬಣ್ಣ ಒಣಗಿಸಲು ಧೂಳು ನುಗ್ಗದ ಬೆಚ್ಚಗಿನ ಕೋಣೆ. ಮೇಸ್ತ್ರಿಯ ಶೆಡ್ಡಿನಲ್ಲಿ ಬಂದವರು ಕೂರಲು ಇದ್ದದ್ದು ಒಂದು ಟೈರು.

“ಬೆಳಗ್ಗಿಂದ ಆ ಬಾಗಿಲು ಒಂಬತ್ತು ಸಲ ತೆಗೀತು,” ಎಂದ, ಊಟದ ಡಬ್ಬಿ ತಂದ ಹೆಂಡತಿಗೆ.

“ನಿಮ್ಮ ಕಣ್ಣು ಬೆನ್ನಲ್ಲಿದೆಯೇನ್ರೀ?”

“ಕೈಲಿರೋ ಇನ್ನೊಂದು ಡಬ್ಬಿ ಯಾರಿಗೆ?”

“ತಮ್ಮನಿಗೆ.”

“ಅದು ದೊಡ್ಡದಿದ್ದ ಹಾಗಿದೆ.”

“ಎರಡೂ ಒಂದೇ ಅಳತೆ. ಅನುಮಾನ ಇದ್ರೆ ನಿಮ್ಮ ದಾರ ತಂದು ಅಳೀರಿ.”

ಆ ದಾರ ಅವನ ಹೆಮ್ಮೆ. ಡಿಕ್ಕಿಯಾದ ಕಾರು ಬಂದರೆ ಮೊದಲು ಬಾನೆಟ್ ಎತ್ತಿ, ಒಳಗಿನ ನಾಲ್ಕು ಮೂಲೆಗಳ ಬೋಲ್ಟಿನ ತೂತುಗಳಿಂದ ಅಡ್ಡಡ್ಡಲಾಗಿ ದಾರ ಹಿಡಿಯುತ್ತಿದ್ದ. ಮುಂದಿನ ಎಡದಿಂದ ಹಿಂದಿನ ಬಲಕ್ಕೊಮ್ಮೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೊಮ್ಮೆ. ಎರಡೂ ಅಳತೆ ಸಮ ಬಂದರೆ ಕಾರಿನ ಮೈಕಟ್ಟು ನೆಟ್ಟಗಿದೆ, ರಿಪೇರಿ ಮಾಡಬಹುದು. ಸಮ ಬರದಿದ್ದರೆ ಕಾರಿನ ಬೆನ್ನು ಮುರಿದ ಲೆಕ್ಕ. ಅವನ ದಾರ ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಹೆಂಡತಿ ಅತ್ತ ಹೋದ ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ನರ್ಸಕ್ಕನ ಕಾರು ಕಾಣಿಸಿತು. ಮನೆ ಮನೆಗೆ ಹೋಗಿ ಬಾಣಂತಿಯರನ್ನು ನೋಡುವ ನರ್ಸಕ್ಕ ಇಪ್ಪತ್ತು ವರ್ಷದಿಂದ ಮೇಸ್ತ್ರಿಯ ಗಿರಾಕಿ. ಹಾಲಿನ ವ್ಯಾನೊಂದು ತಿರುವಿನಲ್ಲಿ ಬಂದು ಕಾರಿನ ಎಡಗಡೆಯ ಮೂತಿಯನ್ನೂ ಬಾಗಿಲನ್ನೂ ಅಪ್ಪಚ್ಚಿ ಮಾಡಿತ್ತು. ಅದನ್ನು ಎಳೆದು ತಂದವರು ನಿಲ್ಲಿಸಿದ್ದು ಮಾತ್ರ ಗಾಜಿನ ಬಾಗಿಲಿನ ಮುಂದೆ.

ಮೇಸ್ತ್ರಿ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದ. ಇವರೂ ಅಲ್ಲಿಗೇ!

ಆಮೇಲೆ ಪೇಂಟರೇ ನಾಲ್ಕು ಜನರ ಜೊತೆ ಕಾರನ್ನು ನೂಕಿಕೊಂಡು ರಸ್ತೆ ದಾಟಿ ಬಂದ.

“ಭಾವ, ಇದರದ್ದು ತಗಡಿನ ಕೆಲಸ. ನೀವೇ ಮಾಡ್ಬೇಕು. ಮೈಕಟ್ಟೇನೂ ಹೋಗಿಲ್ಲ, ನೆಟ್ಟಗಿದೆ.”

“ಮೇಸ್ತ್ರಿ, ಒಂದೇ ಮಾತು ಹೇಳಿಬಿಡಿ,” ಎಂದರು ನರ್ಸಕ್ಕ. “ನೆಟ್ಟಗಿದ್ರೆ ರಿಪೇರಿ ಮಾಡಿಸ್ತೀನಿ. ಇಲ್ಲಾಂದ್ರೆ ಗುಜರಿಯವನು ನಾಲ್ಕು ಗಂಟೆಗೆ ಬಂದು ತಗೊಂಡು ಹೋಗ್ತೀನಿ ಅಂದಿದ್ದಾನೆ. ಈ ಹಿಂದಿನ ಸೀಟಲ್ಲಿ ಮೂರು ಕೂಸು ಹುಟ್ಟಿದಾವೆ. ಕೊಡೋಕೆ ಮನಸ್ಸಿಲ್ಲ. ಆದರೆ ಬೆನ್ನು ಮುರಿದ ಕಾರಲ್ಲಿ ತುಂಬು ಬಸುರಿಯನ್ನ ಕೂರಿಸ್ಕೊಂಡು ಹೇಗೆ ಹೋಗ್ಲಿ?”

ಮೇಸ್ತ್ರಿಗೆ ಇದ್ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಒಂದೇ ಮಾತು, ‘ನೆಟ್ಟಗಿದೆ.’ ಬಣ್ಣ ಹೊಡೆಯುವವನು ತಗಡಿನ ಮಾತಾಡುವಷ್ಟು ದೊಡ್ಡವನಾದನೇ? ತನ್ನ ಗಿರಾಕಿಯನ್ನೇ ತನಗೆ ದಾನ ಕೊಡುವವನ ಹಾಗೆ ಕಾರು ನೂಕಿಕೊಂಡು ಬೇರೆ ಬಂದಿದ್ದಾನೆ.

ದಾರ ತೆಗೆದು ಹಿಡಿದ. ಮುಂದಿನ ಎಡದಿಂದ ಅಳೆದು ಅಳತೆಗೊಂದು ಗಂಟು ಹಾಕಿದ. ಬಲದಿಂದ ಇನ್ನೊಂದು. ಗಂಟುಗಳು ಕೂಡಲಿಲ್ಲ. ಬಲದ್ದು ಒಂದು ಬೆರಳು ಉದ್ದ ಬಂತು. ಅಂದರೆ ಎಡಗಡೆ ಒಂದು ಬೆರಳು ಹಿಂದೆ ಸರಿದಿದೆ. ಇನ್ನೊಬ್ಬರ ಕಾರಿನ ಬೆನ್ನು ಮುರಿದದ್ದಕ್ಕೆ ಖುಷಿಪಡಬಾರದು ಎಂದು ಅವನಿಗೂ ಗೊತ್ತಿತ್ತು. ಆದರೂ ಎದೆಯೊಳಗೆ ಏನೋ ತಂಪೆನಿಸಿತು.

“ನೋಡಪ್ಪಾ ಪೇಂಟರೇ, ಕಣ್ಣು ಕಾಣಿಸ್ತದಾ? ಒಂದು ಬೆರಳು! ಇದಕ್ಕೆ ನಿನ್ನ ಅಂಗಡೀಲಿ ಯಾವ ಬಣ್ಣ ಇದೆ?”

ಪೇಂಟರ್ ದಾರ ನೋಡಿದ. ಬಾನೆಟ್ಟಿನ ಒಳಗೆ ಬಲಗಡೆಯ ಮೂಲೆ ನೋಡಿದ. ಭಾವನ ಮುಖ ನೋಡಿದ. ಪಕ್ಕದಲ್ಲಿದ್ದ ನರ್ಸಕ್ಕನನ್ನೂ ನೋಡಿದ.

“ಆಮೇಲೆ ಇನ್ನೊಂದ್ಸಲ ಅಳೆದು ನೋಡಿ ಭಾವ,” ಎಂದಷ್ಟೇ ಹೇಳಿದ.

“ನನ್ನ ದಾರಕ್ಕೆ ಇನ್ನೊಂದು ಸಲವಾ? ಹೋಗು, ನಿನ್ನ ಗಾಜು ಒರೆಸಿಕೋ.”

ನರ್ಸಕ್ಕ ಕಾರಿನ ಛಾವಣಿ ಮೇಲೊಮ್ಮೆ ಕೈ ಆಡಿಸಿದರು. “ಸರಿ ಬಿಡಿ. ನೀವು ಹೇಳಿದ ಮೇಲೆ ಮುಗೀತು. ಬ್ಯಾಟರಿ ಹೊಸದು, ಅದೊಂದನ್ನ ಬಿಚ್ಚಿಡಿ,” ಎಂದು ತಮ್ಮ ಕೈಚೀಲ, ಟಾರ್ಚು ತೆಗೆದುಕೊಂಡು ಎದುರಿನ ಅಂಗಡಿಯ ಕುರ್ಚಿಗೆ ಹೋಗಿ ಕೂತರು. ಮೂರೂಕಾಲು ಆಗಿತ್ತು.

ಮೇಸ್ತ್ರಿ ಗೆದ್ದ ಉಮೇದಿನಲ್ಲೇ ಬ್ಯಾಟರಿಗೆ ಕೈ ಹಾಕಿದ. ಬಿಗಿಯಾಗಿದ್ದ ನಟ್ಟಿನಿಂದ ಸ್ಪ್ಯಾನರ್ ಜಾರಿ ಬಲಗಡೆಯ ಮೂಲೆಗೆ ಬಡಿಯಿತು. ಆಗ ದಾರ ಹಿಡಿದಿದ್ದ ತೂತಿನ ಪಕ್ಕದ ಬಣ್ಣ ಚಕ್ಕೆಯಾಗಿ ಎದ್ದುಬಂತು. ಬಣ್ಣದ ಕೆಳಗೆ, ತಗಡಿನ ತಗ್ಗು ಮುಚ್ಚಲು ಹಚ್ಚುವ ಪುಟ್ಟಿ. ಉಗುರಿನಿಂದ ಪುಟ್ಟಿ ಕೆರೆದ. ಅದರ ಕೆಳಗೆ ವೆಲ್ಡಿಂಗ್ ಮಾಡಿ ಮುಚ್ಚಿದ ಇನ್ನೊಂದು ತೂತು.

ಅವರವರ ಕೈಬರಹ ಅವರವರಿಗೆ ಗೊತ್ತಾಗುವ ಹಾಗೆ, ಆ ವೆಲ್ಡಿಂಗ್ ಯಾರದೆಂದು ಅವನಿಗೆ ಗೊತ್ತಾಯಿತು. ತನ್ನದೇ.

ಹನ್ನೊಂದು ವರ್ಷದ ಹಿಂದೆ ಇದೇ ಕಾರಿನ ಬಲಗಡೆ ಕಂಬಕ್ಕೆ ತಾಗಿ, ಅಲ್ಲಿನ ಬೋಲ್ಟಿನ ತೂತು ಹರಿದುಹೋಗಿತ್ತು. ತೂತಿದ್ದ ತಗಡಿನ ಪಟ್ಟಿಯನ್ನೇ ಬದಲಿಸಬೇಕಿತ್ತು. ಅವಸರಕ್ಕೆ ಮೇಸ್ತ್ರಿ ಹರಿದ ತೂತನ್ನು ಮುಚ್ಚಿ, ಒಂದು ಬೆರಳು ಮುಂದೆ ಇನ್ನೊಂದನ್ನು ಕೊರೆದಿದ್ದ. “ಭಾವ, ಇದು ಮುಂದೆ ಹೋಯ್ತಲ್ಲ?” ಎಂದು ಕೇಳಿದವನು ಪೇಂಟರ್ ಒಬ್ಬನೇ. “ಪುಟ್ಟಿ ಹಚ್ಚು, ಬಾಯಿ ಮುಚ್ಚು,” ಎಂದಿದ್ದ ಮೇಸ್ತ್ರಿ. ಅವನು ಎರಡನ್ನೂ ಮಾಡಿದ್ದ. ಇವತ್ತಿನವರೆಗೂ.

ಮೇಸ್ತ್ರಿ ಮುಚ್ಚಿದ ತೂತಿನಿಂದ ಮತ್ತೆ ದಾರ ಹಿಡಿದ. ಗಂಟಿಗೆ ಗಂಟು ಕೂಡಿತು. ಕಾರು ನೆಟ್ಟಗಿತ್ತು.

ಟೈರಿನ ಮೇಲೆ ಕೂತ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗುಜರಿಯವನು ಕಾರನ್ನು ಕೊಂಡೊಯ್ದರೆ ತೂತೂ ಅದರ ಜೊತೆಗೇ ಹೋಗುತ್ತದೆ. ಹೇಳಿದರೆ, ಅದೂ ಆ ಗಾಜಿನ ಬಾಗಿಲಿನೊಳಗೆ, ಅವನ ಗಿರಾಕಿಗಳ ಮುಂದೆ! ಕನ್ನಡಿಯಲ್ಲಿ ನರ್ಸಕ್ಕ ಕಾಣುತ್ತಿದ್ದರು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಕಾರನ್ನೇ ನೋಡುತ್ತಿದ್ದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೇಸ್ತ್ರಿ ಎದ್ದ. ಮೂರು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟಿದ.

ಬಾಗಿಲನ್ನು ಎಳೆಯಬೇಕೋ ನೂಕಬೇಕೋ ತಿಳಿಯಲಿಲ್ಲ. ಒಳಗಿನಿಂದ ಹೆಂಡತಿಯೇ ತೆಗೆದಳು.

“ನರ್ಸಕ್ಕ, ಕಾರು ಕೊಡಬೇಡಿ. ನೆಟ್ಟಗಿದೆ. ಸೊಟ್ಟಗಿದ್ದದ್ದು ಹಿಂದಿನ ಸಲ ನಾನು ಮಾಡಿದ ಕೆಲಸ,” ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದ. ಕುರ್ಚಿಯಲ್ಲಿದ್ದ ಇಬ್ಬರು ಗಿರಾಕಿಗಳು ಓದುತ್ತಿದ್ದ ಪೇಪರ್ ಕೆಳಗಿಳಿಸಿದರು.

ನರ್ಸಕ್ಕನಿಗೆ ಸಿಟ್ಟು ಬಂದದ್ದು ನಿಜ. “ಹನ್ನೊಂದು ವರ್ಷ ಅದರಲ್ಲೇ ಓಡಾಡಿದ್ದೀನಿ ಮೇಸ್ತ್ರಿ! ಈ ಸಲ ಪಟ್ಟಿ ಬದಲಿಸಿ. ನಾನು ಪಕ್ಕದಲ್ಲೇ ನಿಂತು ನೋಡ್ತೀನಿ,” ಎಂದರು. ಆಮೇಲೆ ಗುಜರಿಯವನಿಗೆ ಬರಬೇಡ ಎಂದು ಫೋನ್ ಮಾಡಿದರು.

ಹೊರಗೆ ಬಂದು ಮೇಸ್ತ್ರಿ ಪೇಂಟರನ್ನು ಕೇಳಿದ, “ಅಲ್ವೋ, ಆಗಲೇ ಯಾಕೆ ಹೇಳಲಿಲ್ಲ?”

“ಅವರ ಮುಂದೆ ಹೇಗೆ ಹೇಳ್ಲಿ ಭಾವ? ಆಮೇಲೆ ಬಂದು ನಿಮಗೊಬ್ಬರಿಗೇ ಹೇಳೋಣ ಅಂತಿದ್ದೆ. ಅರ್ಧಕ್ಕೆ ಬಿಟ್ಟ ಬಣ್ಣ ಇತ್ತು, ಮುಗಿಸಿ ಕೈ ತೊಳೀತಿದ್ದೆ.”

ಅವತ್ತು ಶೆಡ್ಡಿಗೆ ಬೀಗ ಹಾಕುವಾಗ ಹೆಂಡತಿ ಕೇಳಿದಳು, “ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?”

“ಎಲ್ಲಿಂದ? ಇನ್ನೂ ಜಾಸ್ತಿ ಉರೀತಿದೆ. ಅವನ ತಪ್ಪು ನನಗೆ ಸಿಕ್ಕಿದ್ರೆ ಹನ್ನೊಂದು ದಿನಾನೂ ಬಾಯಿ ಮುಚ್ಕೊಂಡು ಇರ್ತಿರಲಿಲ್ಲ ಕಣೇ. ಅಂಗಡಿ ಇರಲಿ, ಆ ಗುಣ ಹೇಗೆ ಬಂತು ಅವನಿಗೆ?”

ಆ ಕಾರಿನ ಎಡಬಾಗಿಲನ್ನು ಮೇಸ್ತ್ರಿ ಆರು ದಿನ ಬಡಿದ. ಸಣ್ಣ ಸುತ್ತಿಗೆ ಹಿಡಿದು, ಪ್ರತಿ ಏಟಿಗೂ ತಗಡಿನ ಮೇಲೆ ಬಟ್ಟೆ ಹಾಸಿ, ಕಣ್ಣು ಮುಚ್ಚಿ ಅಂಗೈ ಸವರಿ ನೋಡುತ್ತಾ ಬಡಿದ. ಏಳನೇ ದಿನ, ಎದುರಿನ ಕುರ್ಚಿಗಳೆಲ್ಲ ತುಂಬಿರುವ ಹೊತ್ತನ್ನು ಕನ್ನಡಿಯಲ್ಲಿ ನೋಡಿಕೊಂಡು, ಬಾಗಿಲನ್ನು ತಾನೇ ಹೊತ್ತು ರಸ್ತೆ ದಾಟಿ ಮೇಜಿನ ಮೇಲಿಟ್ಟ.

ಪೇಂಟರ್ ಅಭ್ಯಾಸಬಲದಿಂದ ಪುಟ್ಟಿಯ ಡಬ್ಬಿ ತೆಗೆದ. ತಗಡಿನ ಮೇಲೆ ಅಂಗೈ ಸವರಿದ. ಮತ್ತೊಮ್ಮೆ ಸವರಿದ. ಮುಚ್ಚುವಂಥದ್ದು ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ಅವನ ಕೈಯನ್ನೇ ನೋಡುತ್ತಾ, ಡಬ್ಬಿಯ ಮುಚ್ಚಳ ಮತ್ತೆ ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.